ಎಲ್ಲರಿಗೂ 6.43

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ಇದೆ. ಆಫೀಸಿನದ್ದಲ್ಲ, ಮನೆಯದ್ದು. ದಿನಾಂಕ, ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್, ಮೆಲ್ಡ್ ಅಂತ ಐದು ಕಾಲಂ. ಮೊದಲ ಸಾಲಿನ ಕೊನೆಯಲ್ಲಿ 17, ಕಡೆಯ ಸಾಲಿನ ಕೊನೆಯಲ್ಲಿ 33. ನಡುವೆ ಹದಿನಾಲ್ಕು ತಿಂಗಳು. ಈ ಹಾಳೆ ಇರುವುದು ನನ್ನ ಹೆಂಡತಿಗೆ ಗೊತ್ತು. ಅದನ್ನು ನೋಡುತ್ತಾ ನಾನು ಏನು ಬಯಸುತ್ತಿದ್ದೆ ಎಂಬುದು ಗೊತ್ತಿಲ್ಲ. ಈ ಪುಸ್ತಕ ಕೈಗೆ ಬಂದಾಗ ಗೊತ್ತಾಗುತ್ತದೆ.

ಹಾಳೆಯಲ್ಲಿರುವುದು ನನ್ನ ಭಾಮೈದನ ರಕ್ತದ ಲೆಕ್ಕ. ನಮ್ಮಂತೆ ಅವನೂ ತಿಪಟೂರಿನವನು. ಫ್ರಾಂಕ್‌ಫರ್ಟಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ಬೋರ್ನ್‌ಹೈಮ್‌ನಲ್ಲಿ ಒಂಟಿ ವಾಸ. ಮೂವತ್ತನೇ ವಯಸ್ಸಿಗೆ ಅವನಿಗೆ ಆಟೊಇಮ್ಯೂನ್ ಹೆಪಟೈಟಿಸ್ ಎಂದು ಗೊತ್ತಾಯಿತು. ದೇಹದ ಕಾವಲು ಪಡೆಯೇ ಸ್ವಂತ ಲಿವರನ್ನು ಶತ್ರುವೆಂದು ತಿಳಿದು ಹೊಡೆಯುವ ಕಾಯಿಲೆ. ಪ್ರೆಡ್ನಿಸೊಲೋನ್, ಅಜಥಯೊಪ್ರಿನ್ ಮಾತ್ರೆಗಳಿಗೆ ಹೆಚ್ಚಿನವರಲ್ಲಿ ಅದು ಹತೋಟಿಗೆ ಬರುತ್ತದೆ. ಇವನಲ್ಲಿ ಬರಲಿಲ್ಲ. ಎಂಟು ವರ್ಷದಲ್ಲಿ ಲಿವರ್ ಗಂಟುಗಟ್ಟಿ ಸಿರೋಸಿಸ್ ಆಯಿತು. ಹೊಟ್ಟೆಯಲ್ಲಿ ನೀರು, ಕಣ್ಣೆಲ್ಲ ಅರಿಸಿನ. ಊರಿಗೆ ಫೋನ್ ಮಾಡಿದರೆ ಎಲ್ಲರೂ ದನಿ ತಗ್ಗಿಸಿ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಕುಡೀತಿದ್ನಾ?" ಈ ಊರಿನ ಹೆಮ್ಮೆಯ ಸೇಬಿನ ಹೆಂಡದ ವಾಸನೆಗೇ ಮುಖ ಕಿವುಚುತ್ತಿದ್ದ ಹುಡುಗ ಅವನು. ನಮ್ಮತ್ತೆ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟರು.

ಬದುಕಿರುವವರೂ ಲಿವರಿನ ಒಂದು ಭಾಗ ಕೊಡಬಹುದು, ಉಳಿದದ್ದು ಮತ್ತೆ ಬೆಳೆಯುತ್ತದೆ. 1997ರ ಜರ್ಮನ್ ಕಾನೂನು ಹತ್ತಿರದ ನೆಂಟರಿಗೂ ತೀರಾ ಆಪ್ತರಿಗೂ ಅದಕ್ಕೆ ಅವಕಾಶ ಕೊಟ್ಟಿದೆ. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ಸ್ಕ್ಯಾನ್ ನೋಡಿದ ವೈದ್ಯೆ, ನಿಮ್ಮ ಲಿವರಿನಲ್ಲೇ ಬೇಕಾದಷ್ಟು ಕೊಬ್ಬಿದೆ, ಇದನ್ನು ಕತ್ತರಿಸಿದರೆ ಇಬ್ಬರಿಗೂ ಅಪಾಯ ಎಂದರು. ನಾನೂ ಗ್ಲಾಸ್ ಮುಟ್ಟಿದವನಲ್ಲ. ಎರಡು ಹೊತ್ತು ಅನ್ನ, ಹತ್ತು ಗಂಟೆ ಕುರ್ಚಿ, ಅಷ್ಟೆ. ದಪ್ಪ ಕಾಣದಿದ್ದರೂ ನಮ್ಮ ಕಡೆಯವರಿಗೆ ಇದು ಬೇಗ ಬರುತ್ತದಂತೆ. ಆರು ತಿಂಗಳು ಓಡಿ ಕರಗಿಸುತ್ತೇನೆಂದೆ. ಅಷ್ಟು ಕಾಲ ಅವನ ಬಳಿ ಇದೆಯೋ ಇಲ್ಲವೋ ಎಂದು ಅವರು ಮೆತ್ತಗೆ ಹೇಳಿದರು.

ಹಾಗಾಗಿ ಅವನು ಕಾಯುವವರ ಪಟ್ಟಿ ಸೇರಿದ. ಜರ್ಮನಿ ಸೇರಿ ಎಂಟು ದೇಶಗಳ ಅಂಗ ಹಂಚಿಕೆಯನ್ನು ನೋಡಿಕೊಳ್ಳುವುದು ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿರುವ ಯೂರೋಟ್ರಾನ್ಸ್‌ಪ್ಲಾಂಟ್. ಹಿಂದೆ ಎಷ್ಟು ದಿನ ಕಾದಿದ್ದಾನೆ, ಹೊಟ್ಟೆಯಲ್ಲಿ ನೀರು ಎಷ್ಟಿದೆ, ಮಾತು ಎಷ್ಟು ತಪ್ಪುತ್ತಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತಿತ್ತು. ನೀರಿನ ಅಂದಾಜು ವೈದ್ಯರ ಕಣ್ಣಿಗೆ ಬಿಟ್ಟದ್ದು. 2006ರ ಡಿಸೆಂಬರಿನಿಂದ ಇಲ್ಲಿ ಮೆಲ್ಡ್ ಅಂಕ. ಅವನು ಕಾಯುತ್ತಿದ್ದಾಗ ಅದು ಮೂರು ರಕ್ತಪರೀಕ್ಷೆಗಳಿಂದ ತೆಗೆದ 6ರಿಂದ 40ರವರೆಗಿನ ಒಂದು ಸಂಖ್ಯೆಯಾಗಿತ್ತು. ಮೂರು ತಿಂಗಳೊಳಗೆ ಸಾಯುವ ಸಂಭವ ಹೆಚ್ಚಿದಷ್ಟೂ ಅಂಕ ಹೆಚ್ಚು, ಹೆಚ್ಚಿನ ಅಂಕದವರಿಗೆ ಅಂಗ ಮೊದಲು.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಹುಟ್ಟಿದ ಲೆಕ್ಕ ಇದು. ಮೊದಲು ಬೇರೊಂದು ಚಿಕಿತ್ಸೆಗಾಗಿ ಮಾಡಿದ್ದನ್ನು, ಎಲ್ಲ ಬಗೆಯ ಲಿವರ್ ರೋಗಿಗಳಿಗೂ ಹೊಂದುತ್ತದೆಂದು ತೋರಿಸಿದ 2001ರ ಪ್ರಬಂಧದ ಮೊದಲ ಹೆಸರು ಪ್ಯಾಟ್ರಿಕ್ ಕಾಮತ್. ಅವರು ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಸಿಎ ಆರ್ಟಿಕಲ್‌ಶಿಪ್ ದಿನಗಳಲ್ಲಿ ನಾನು ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತಿದ್ದ ಗೇಟು ಅದು.

ಸೂತ್ರವನ್ನು ನಾನೇ ಎಕ್ಸೆಲ್‌ಗೆ ಹಾಕಿಕೊಂಡೆ. ಮೂರರ ಲಾಗರಿದಮ್ ತೆಗೆದು ಬಿಲಿರುಬಿನ್ನಿನದನ್ನು 3.78ರಿಂದ, ಐಎನ್‌ಆರ್‌ನದನ್ನು 11.2ರಿಂದ, ಕ್ರಿಯಾಟಿನಿನ್ನಿನದನ್ನು 9.57ರಿಂದ ಗುಣಿಸಿ ಕೂಡಿಸಿದ ಮೇಲೆ 6.43 ಸೇರಿಸಬೇಕು. ಈ 6.43 ಎಲ್ಲಿಂದ ಬಂತು? ಲೆಕ್ಕಿಗನಿಗೆ ಇಂಥದ್ದನ್ನು ಬೆದಕದಿದ್ದರೆ ನಿದ್ದೆ ಬಾರದು. ಮೂಲ ಸೂತ್ರದಲ್ಲಿ ಅದು ಕಾಯಿಲೆಯ ಕಾರಣಕ್ಕೆ ಇಟ್ಟ ಜಾಗ. ಕುಡಿತದಿಂದಲೋ ಪಿತ್ತನಾಳದ ರೋಗದಿಂದಲೋ ಆಗಿದ್ದರೆ ಸೊನ್ನೆ, ಬೇರೆಯದಾದರೆ 6.43. ಅಂಗ ಹಂಚುವ ಕೆಲಸಕ್ಕೆ ತರುವಾಗ ಕಾರಣವನ್ನು ತೆಗೆದುಹಾಕಿ ಎಲ್ಲರಿಗೂ 6.43 ಕೊಟ್ಟುಬಿಟ್ಟರು. ಪಟ್ಟಿ ಸೇರುವ ಮುಂಚೆ ಕುಡಿತ ಬಿಟ್ಟಿರಬೇಕೆಂಬ ನಿಯಮ ಇಲ್ಲಿದೆ, ಅದು ಬೇರೆ ಮಾತು. ಸೇರಿದ ಮೇಲೆ "ಕುಡೀತಿದ್ನಾ" ಎಂದು ಅಂಕ ಕೇಳುವುದಿಲ್ಲ. ಅತ್ತೆಗೆ ಇದನ್ನು ಫೋನಿನಲ್ಲಿ ಬಿಡಿಸಿ ಹೇಳಿದೆ. ಅರ್ಥವಾಯಿತೋ ಇಲ್ಲವೋ, ಅತ್ತರು.

ಒಂದು ಗುರುವಾರ ಅವನ ಅಂಕ 24ರಿಂದ 22ಕ್ಕೆ ಇಳಿಯಿತು. ಸೋಂಕು ವಾಸಿಯಾಗಿ ಮೂತ್ರಪಿಂಡ ಸುಧಾರಿಸಿತ್ತು. ಸಂಜೆ ನಮ್ಮ ಮನೆಯಲ್ಲಿ ಎರಡು ದೋಸೆ ತಿಂದ. ಹೆಂಡತಿ ಸಂತೋಷಕ್ಕೆ ಶಾವಿಗೆ ಪಾಯಸ ಮಾಡಿದಳು. ನಾನು ಒಳಗೆ ಹೋಗಿ 22 ಎಂದು ಟೈಪ್ ಮಾಡಿದೆ. ನನಗೆ ಆದದ್ದು ನಿರಾಸೆ. ಅವನು ಚೇತರಿಸಿಕೊಂಡದ್ದಕ್ಕೆ ನಿರಾಸೆ! 22ಕ್ಕೆ ಇಲ್ಲಿ ಲಿವರ್ ಸಿಗುವುದು ಕಷ್ಟ. ಬೇಗ ಕೆಡಲಿ, ಆದರೆ ಸಾಯುವಷ್ಟು ಕೆಡದಿರಲಿ, ಆ ಹೊತ್ತಿಗೆ ಅವನದೇ ರಕ್ತದ ಗುಂಪಿನ ಯಾರೋ ಎಲ್ಲೋ... ಅಲ್ಲಿಗೆ ಯೋಚನೆ ನಿಲ್ಲಿಸುತ್ತಿದ್ದೆ.

2012ರಲ್ಲಿ ಜರ್ಮನಿಯಲ್ಲಿ ಒಂದು ಹಗರಣ ಹೊರಬಂದಿತ್ತು. ಕೆಲವು ಆಸ್ಪತ್ರೆಗಳಲ್ಲಿ ರೋಗಿಗಳ ಮಾಹಿತಿ ತಿದ್ದಿ, ಡಯಾಲಿಸಿಸ್ ಆಗದವರಿಗೂ ಆಗಿದೆಯೆಂದು ಬರೆದು ಅಂಕ ಏರಿಸಿದ್ದರು. ಡಯಾಲಿಸಿಸ್ ಎಂದರೆ ಆಗ ಕ್ರಿಯಾಟಿನಿನ್ ತಾನಾಗಿ 4 ಎಂದು ಲೆಕ್ಕವಾಗುತ್ತಿತ್ತು. ಜನರ ನಂಬಿಕೆ ಹೋಯಿತು. 2011ರಲ್ಲಿ ಇಡೀ ದೇಶದಲ್ಲಿ 1,200 ಮಂದಿ ಮರಣಾನಂತರ ಅಂಗ ಕೊಟ್ಟಿದ್ದರು, 2013ರಲ್ಲಿ 876. ಆಗ ನಾನು ಆಡಿಟರ್‌ನ ಗತ್ತಿನಲ್ಲಿ ಸಹೋದ್ಯೋಗಿಗಳೆದುರು ಆ ವೈದ್ಯರನ್ನು ಬೈದಿದ್ದೆ.

ರಕ್ತಪರೀಕ್ಷೆಗೆ ಅವನನ್ನು ಕರೆದೊಯ್ಯುವಾಗ ಪ್ರತಿಸಲ ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ದೇಹದಲ್ಲಿ ನೀರು ಕಡಿಮೆಯಾದರೆ ಕ್ರಿಯಾಟಿನಿನ್ ಏರುತ್ತದೆಂದು ಓದಿದ ವಾರ, ಫ್ಲಾಸ್ಕ್ ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು. "ಭಾವ, ಗಂಜಿ?" ಅಂದ. ಮರೆತೆ ಅಂದೆ. ಒಂದು ಲೋಟ ಗಂಜಿಯಿಂದ ಅಂಕ ಬದಲಾಗುವುದಿಲ್ಲ, ಆಗಲೂ ಇಲ್ಲ. ಆದರೆ ಮರೆತೆನೋ ಬಿಟ್ಟೆನೋ ಎಂದು ಇವತ್ತು ಕೇಳಿದರೂ ನಾನು ಸಹಿ ಹಾಕಲಾರೆ.

33 ಬಂದಾಗ ಏನನ್ನೂ ಬಯಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವನಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ನಾಲ್ಕನೆಯ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು.

ಈಗ ಅವನು ಚೆನ್ನಾಗಿದ್ದಾನೆ. ಕೊಟ್ಟವರು ಯಾರೆಂದು ಕಾನೂನು ಹೇಳಗೊಡುವುದಿಲ್ಲ. ಹೆಸರು, ಊರು ಹಾಕದೆ ಅವರ ಮನೆಯವರಿಗೆ ಒಂದು ಪತ್ರ ಬರೆಯಬಹುದು. ತಲುಪಿಸುವುದು ಅಂಗದಾನದ ಜರ್ಮನ್ ಸಂಸ್ಥೆ, ಡಿಎಸ್ಓ. ಅದರ ಮುಖ್ಯ ಕಚೇರಿ ಇದೇ ಊರಿನಲ್ಲಿ, ಮೈನ್ ನದಿಯ ದಂಡೆಯ ಮೇಲೆ. ಅವನು ಪತ್ರವನ್ನು ಮೊದಲು ಕನ್ನಡದಲ್ಲಿ ಬರೆದ, ಜರ್ಮನ್‌ಗೆ ತಿರುಗಿಸುವ ಕೆಲಸ ನನ್ನದು. "ನಿಮ್ಮ ಋಣ" ಎಂಬಲ್ಲಿ ಸಿಕ್ಕಿಕೊಂಡೆ. ಜರ್ಮನ್ನಿನಲ್ಲಿ ಸಾಲಕ್ಕೂ ತಪ್ಪಿಗೂ ಇರುವುದು ಒಂದೇ ಪದ, ಶುಲ್ಡ್. ಅವನ ಪತ್ರದಲ್ಲಿ ಆ ಪದ ಬೇಡವೆನಿಸಿತು. ಆ ಸಾಲು ಬಿಟ್ಟು, ಧನ್ಯವಾದ ಎಂದಷ್ಟೇ ಬರೆದು ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ.