ಅಳಿಯನಿಗೆ ಹಡಗು ತೋರಿಸಲು ಹೋದದ್ದು

ಅಕ್ಕ ಫೋನು ಮಾಡಿದ್ದು ಏಪ್ರಿಲ್ ಕೊನೆಯಲ್ಲಿ. ಅಳಿಯನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ‘ಮುಂದೇನು ಓದ್ತೀಯೋ ಅಂದ್ರೆ ಸೈನ್ಸ್ ತಗಂಡು ನೇವಿಗೆ ಹೋಗ್ತೀನಿ ಅಂತಾನೆ. ನಾಕು ವರ್ಷದ ನೌಕರಿ. ಆಮೇಲೇನು? ನಿನ್ ಮಾತು ಕೇಳ್ತಾನೆ, ಸ್ವಲ್ಪ ಬುದ್ಧಿ ಹೇಳು’ ಎಂದಳು. ಅಗ್ನಿಪಥದ ಲೆಕ್ಕ ಅಕ್ಕನಿಗೆ ಬಾಯಿಪಾಠವಾಗಿತ್ತು. ನಾಲ್ಕು ವರ್ಷವಾದ ಮೇಲೆ ನೂರಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನ ಉಳಿಯುತ್ತಾರೆ, ಉಳಿದವರು ಮನೆಗೆ.

ಬುದ್ಧಿ ಹೇಳಲು ಅವಳು ಆರಿಸಿದ ಮನುಷ್ಯನ ಸ್ಥಿತಿಯನ್ನೂ ಹೇಳಬೇಕು. ನಾನು ವೀರಗಲ್ಲುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನ್ಯಾಮತಿ, ಬೆಳಗುತ್ತಿ, ಹೊನ್ನಾಳಿ ಸುತ್ತಿನ ಹೊಲದ ಬದುಗಳಲ್ಲಿ, ಗುಡಿಯ ಹಿಂಬದಿಯಲ್ಲಿ, ಕೆಲವೊಮ್ಮೆ ಬಟ್ಟೆ ಒಗೆಯುವ ಜಾಗದಲ್ಲಿ ಮಕಾಡೆ ಬಿದ್ದಿರುವ ಕಲ್ಲುಗಳನ್ನು ತಿರುಗಿಸಿ ಓದುವುದು ನನ್ನ ಕೆಲಸ. ಫೆಲೋಶಿಪ್ಪಿನ ಕೊನೆಯ ವರ್ಷ. ಇದಾದ ಮೇಲೆ ಏನು ಎಂದು ಯಾರಾದರೂ ಕೇಳಿದರೆ ಅಳಿಯನಿಗಿಂತ ಗಟ್ಟಿಯಾದ ಉತ್ತರ ನನ್ನ ಹತ್ತಿರವೂ ಇಲ್ಲ. ಅದಕ್ಕೇ ‘ಬುದ್ಧಿ ಹೇಳೋದು ಬೇಡ, ಕಾರವಾರಕ್ಕೆ ಕರ್ಕಂಡು ಹೋಗಿ ತೋರಿಸ್ತೀನಿ. ಅವನೇ ನೋಡ್ಲಿ’ ಅಂದೆ. ನೋಡಿದರೆ ಹುಚ್ಚು ಇಳಿಯುತ್ತದೆ ಎಂದು ಅಕ್ಕ ಅರ್ಥ ಮಾಡಿಕೊಂಡಳು. ನಾನು ತಿದ್ದಲು ಹೋಗಲಿಲ್ಲ.

ಸವಳಂಗಕ್ಕೆ ಬಂದು ಅಲ್ಲಿಂದ ಶಿಕಾರಿಪುರ, ಶಿರಾಳಕೊಪ್ಪ, ಶಿರಸಿ. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ. ಮೂರು ಬಸ್ಸು ಬದಲಿಸಿದೆವು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ, ತಾಳಗುಂದ ಇಲ್ಲೇ ಪಕ್ಕ ಎಂದು ಶುರುಮಾಡಿದೆ. ಮಯೂರಶರ್ಮ ಓದಲು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು, ಇದನ್ನೆಲ್ಲ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ‘ನಾವು ನೋಡೋಕೆ ಹೋಗ್ತಿರೋ ನೌಕಾನೆಲೆಗೆ ಇಟ್ಟಿರೋದು ಇವರ ಹೆಸರೇ, ಐಎನ್‌ಎಸ್ ಕದಂಬ.’

‘ಅವ್ರಿಗೆ ನೇವಿ ಇತ್ತಾ ಮಾಮ?’

ಬನವಾಸಿಯವರಿಗಲ್ಲ, ಆಮೇಲೆ ಬಂದ ಗೋವೆಯ ಕದಂಬರಿಗೆ ಇತ್ತು. ಹಡಗು ಕೆತ್ತಿದ ವೀರಗಲ್ಲೊಂದು ಹಳೇಗೋವೆಯ ಮ್ಯೂಸಿಯಮ್ಮಿನಲ್ಲಿದೆ ಎಂದೆ. ಅವನು ‘ಓಹೋ’ ಎಂದು ಕಿವಿಗೆ ಇಯರ್‌ಫೋನು ಹಾಕಿಕೊಂಡ. ನನ್ನ ಸಂಶೋಧನೆಗೆ ಇಲ್ಲಿಯವರೆಗೆ ಸಿಕ್ಕಿರುವ ಪ್ರತಿಕ್ರಿಯೆಗಳಲ್ಲಿ ಇದು ತೀರಾ ಕೆಟ್ಟದ್ದೇನಲ್ಲ.

ಕಾರವಾರ ಮುಟ್ಟಿದಾಗ ಕತ್ತಲಾಗಿತ್ತು. ಮಾರನೇ ದಿನ ಬೆಳಿಗ್ಗೆ ಟ್ಯಾಗೋರ್ ಕಡಲತೀರಕ್ಕೆ ಹೋದೆವು. ಹೆದ್ದಾರಿಯ ಪಕ್ಕದಲ್ಲೇ, ಮರಳಿನ ದಂಡೆಯ ಮೇಲೆ, ನೀರಿಲ್ಲದ ಜಾಗದಲ್ಲಿ ಬೂದು ಬಣ್ಣದ ಯುದ್ಧನೌಕೆ ಕೂತಿದೆ. ಹೆಸರು ಚಪಲ್. ಉದ್ದ ನಲವತ್ತು ಮೀಟರಿಗೂ ಕಡಿಮೆ. ನಾಲ್ಕು ಕ್ಷಿಪಣಿಗಳನ್ನು ಹೊರುತ್ತಿದ್ದ, ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ದೋಣಿ. ಅಳಿಯನಿಗೆ ಟಿಕೆಟ್ ಕೌಂಟರಿನಲ್ಲೇ ಚಿಲ್ಲರೆ ಮರೆತುಹೋಯಿತು. ಏಣಿ ಹತ್ತಿ ಒಳಗೆ ಹೋದರೆ ಸಣ್ಣ ಸಣ್ಣ ಕೋಣೆ, ತಲೆ ಬಗ್ಗಿಸಬೇಕಾದ ಬಾಗಿಲು, ಒಂದರ ಮೇಲೊಂದು ಮಲಗುವ ಹಲಗೆ, ಸಮವಸ್ತ್ರ ತೊಡಿಸಿ ನಿಲ್ಲಿಸಿದ ಗೊಂಬೆಗಳು. ಅವನು ಪ್ರತಿಯೊಂದು ಡಯಲ್ಲಿನ ಮುಂದೆಯೂ ನಿಂತ. ರಷ್ಯನ್ ಅಕ್ಷರ ಸಿಕ್ಕಲ್ಲೆಲ್ಲ ಬಗ್ಗಿ ನೋಡಿದ.

ನಮ್ಮ ಹಿಂದೆ ಹುಬ್ಬಳ್ಳಿ ಕಡೆಯವರು ಒಬ್ಬರು ಮಕ್ಕಳಿಗೆ ಹೇಳುತ್ತಿದ್ದರು: ‘ನೋಡ್ರಿ, ಇದss ಹಡಗ ಎಪ್ಪತ್ತೊಂದರಾಗ ಕರಾಚಿ ಸುಟ್ಟದ್ದು.’ ಅಳಿಯ ನನ್ನ ಕಡೆ ತಿರುಗಿ ನಕ್ಕ. ಆ ಕಥೆ ಅವನಿಗೆ ಯೂಟ್ಯೂಬಿನಿಂದ ಪೂರ್ತಿ ಗೊತ್ತು. ಡಿಸೆಂಬರ್ 4ರ ರಾತ್ರಿ ಮೂರು ಕ್ಷಿಪಣಿ ದೋಣಿಗಳು ಹೋದದ್ದು, ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲಿ ಮಾತಾಡಿಕೊಂಡರಂತೆ ಎಂಬುದು, ಅದಕ್ಕೇ ಆ ದಿನ ನೌಕಾಪಡೆಯ ದಿನವಾದದ್ದು. ‘ಇದೇನಾ ಮಾಮ ಅದು?’

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಐದು ವರ್ಷ ಕಲ್ಲು ಓದಿದವನಿಗೆ ಕಾಲ ತಪ್ಪಿದರೆ ಕೈ ತುರಿಸುತ್ತದೆ. ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್; ಚಪಲ್ ಅದೇ ಜಾತಿಯ ಮುಂದಿನ ತಂಡದ್ದು, ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ಯುದ್ಧ ಮುಗಿದು ಐದು ವರ್ಷದ ಮೇಲೆ ಎಂದೆ.

‘ಹಂಗಾದ್ರೆ ಇದು ಏನೂ ಮಾಡ್ಲಿಲ್ವಾ?’

‘2005ರವರೆಗೆ ಕಾವಲು ಕಾಯ್ತು.’

ಅವನು ಸ್ವಲ್ಪ ಹೊತ್ತು ಕ್ಷಿಪಣಿಯ ಕೊಳವೆಯನ್ನು ನೋಡುತ್ತ ನಿಂತ. ಆಮೇಲೆ ‘ನೀನು ಎಲ್ಲದಕ್ಕೂ ಹಿಂಗೇ ಮಾಮ’ ಎಂದು ಕೆಳಗಿಳಿದು ಹೋದ.

ಅದು ನನಗೆ ನಾಟಿತು. ವೀರಗಲ್ಲಿನಲ್ಲಿ ಮೂರು ಹಂತ ಇರುತ್ತವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಊರಿನ ತುರು ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ಉಂಟು. ಮೂವತ್ತು ವರ್ಷ ಊರ ಬಾಗಿಲಲ್ಲಿ ಕೂತು, ಯಾವ ಕಳ್ಳನೂ ಬರದೆ, ಮುದುಕನಾಗಿ ಸತ್ತ ತಳವಾರನ ಕಲ್ಲನ್ನು ನಾನು ಈವರೆಗೆ ಒಂದೂ ಕಂಡಿಲ್ಲ. ಇಲ್ಲಿ ಅಂಥದ್ದೊಂದನ್ನು ಹಡಗಿನ ಆಕಾರದಲ್ಲೇ ನಿಲ್ಲಿಸಿದ್ದಾರೆ, ಆದರೆ ನೋಡಲು ಬಂದವರಿಗೆ ಅದು ಸಾಲುವುದಿಲ್ಲ. ಕರಾಚಿಯನ್ನು ತಂದು ಅಂಟಿಸುತ್ತಾರೆ. ಅಳಿಯನಿಗೆ ಇದನ್ನು ಹೇಳುವ ರೀತಿ ತೋಚಲಿಲ್ಲ. ಕಬ್ಬಿನ ಹಾಲು ಕುಡಿಸಿದೆ.

ಪಕ್ಕದಲ್ಲೇ ಟುಪೊಲೆವ್ ವಿಮಾನವಿದೆ. ಅದರ ಮುಂದೆ ಹಡಗು ಆಟಿಕೆಯಂತೆ ಕಾಣುತ್ತದೆ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ ಸುಮಾರು ಐವತ್ತು ಮೀಟರು, ನಾಲ್ಕು ಎಂಜಿನ್ನು, ಪ್ರತಿ ಎಂಜಿನ್ನಿಗೂ ಒಂದು ಬಲಕ್ಕೆ ಒಂದು ಎಡಕ್ಕೆ ತಿರುಗುವ ಎರಡೆರಡು ಪಂಕ. ಸಮುದ್ರದ ಮೇಲೆ ಹಾರುತ್ತ ಜಲಾಂತರ್ಗಾಮಿಗಳನ್ನು ಹುಡುಕುವುದು ಇದರ ಕೆಲಸ. ಈ ಜಾತಿಯ ವಿಮಾನಗಳು 1988ರಲ್ಲಿ ಬಂದು 2017ರ ಮಾರ್ಚಿನಲ್ಲಿ ನಿವೃತ್ತವಾದವು. ಮೊದಲ ನೆಲೆ ಗೋವಾ, ಆಮೇಲೆ ತಮಿಳುನಾಡಿನ ಅರಕ್ಕೋಣಂ. ಅಲ್ಲಿಂದ ಇದನ್ನು ಭಾಗ ಭಾಗವಾಗಿ ಬಿಚ್ಚಿ ಲಾರಿಗಳಲ್ಲಿ ತಂದು ಇಲ್ಲಿ ಜೋಡಿಸಿದ್ದು. ಅರಕ್ಕೋಣಂ ಕಂಚಿಯಿಂದ ದೂರವಲ್ಲ. ಕಂಚಿಯಲ್ಲಿ ಅವಮಾನವಾಗಿ ಬಂದವನ ವಂಶದ ಹೆಸರು ಹೊತ್ತ ಊರಿಗೆ ಹದಿನಾರು ಶತಮಾನದ ಮೇಲೆ ಅದೇ ಸೀಮೆಯಿಂದ ಒಂದು ವಿಮಾನ ಲಾರಿ ಹತ್ತಿ ಬಂದಿದೆಯಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಈ ಸಲ ಅದನ್ನು ಅಳಿಯನಿಗೆ ಹೇಳಲಿಲ್ಲ. ಅವನು ರೆಕ್ಕೆಯ ನೆರಳಿನಲ್ಲಿ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದ.

ಸಂಜೆ ಮರಳಿನ ಮೇಲೆ ಕೂತೆವು. ಎದುರಿಗೆ ಆಮೆಯ ಬೆನ್ನಿನಂಥ ಕೂರ್ಮಗಡ, ಅದರಾಚೆ ದೀಪಸ್ತಂಭದ ದ್ವೀಪ. ಟ್ಯಾಗೋರರು ಇಲ್ಲಿಗೆ ಬಂದಾಗ ಇಪ್ಪತ್ತೆರಡರ ಹುಡುಗ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ನಾಟಕವನ್ನೂ ಇಲ್ಲಿದ್ದಾಗ ಬರೆದರು. ನೌಕರಿಯಲ್ಲಿರುವ ಅಣ್ಣನ ಮನೆಗೆ ಬಂದು ಸಮುದ್ರ ನೋಡುತ್ತ ಕೂತಿದ್ದ ತಮ್ಮ ಅವರು. ನನಗೆ ಅವರ ಮೇಲೆ ಹೊಸ ಅಭಿಮಾನ ಬಂತು.

‘ಮಾಮ, ನಿಜವಾದ ಹಡಗು ಎಲ್ಲಿ? ವಿಕ್ರಮಾದಿತ್ಯ?’

ದಕ್ಷಿಣಕ್ಕೆ ಕೈ ತೋರಿಸಿದೆ. ಗುಡ್ಡ ಅಡ್ಡ ಇತ್ತು. ಬಿಣಗಾ, ಅರ್ಗಾ ಎಲ್ಲ ಅದರ ಆಚೆ. ಒಳಗೆ ಬಿಡುವುದಿಲ್ಲ, ಡಿಸೆಂಬರಿನಲ್ಲಿ ಕೆಲವು ವರ್ಷ ಜನರಿಗೆ ಹಡಗು ತೋರಿಸುವುದುಂಟು, ಅಷ್ಟೇ. ‘ಅಂದ್ರೆ ರಿಟೈರ್ ಆದದ್ದನ್ನ ಮಾತ್ರ ನೋಡ್ಬೋದು’ ಎಂದ. ಹೌದು ಎಂದೆ. ಸೈನ್ಯದ ಊರಿಗೆ ಪ್ರವಾಸ ಬಂದರೆ ಹಾಗೇ. ಚಪಲ್ ನಿವೃತ್ತವಾದ 2005ರಲ್ಲೇ, ಮೇ 31ಕ್ಕೆ, ಆ ಗುಡ್ಡದಾಚೆಯ ನೆಲೆ ಶುರುವಾದದ್ದು.

‘ನಿಂಗೆ ಹೆಂಗೆ ಇಷ್ಟೆಲ್ಲ ಗೊತ್ತು?’

ಆಗ ಹೇಳಿದೆ. ಅವನ ವಯಸ್ಸು ಮುಗಿದ ವರ್ಷಕ್ಕೆ ನಾನೂ ಅರ್ಜಿ ಹಾಕಿದ್ದೆ. ಓಟದಲ್ಲಿ ಪಾಸಾಗಿ ಕಣ್ಣಿನಲ್ಲಿ ಹೊರಬಿದ್ದೆ. ಗೋಡೆಯ ಮೇಲಿನ ಕೊನೆಯ ಎರಡು ಸಾಲು ನನಗೆ ಕಾಣಲಿಲ್ಲ. ಕಾಣಿಸುತ್ತದೆ ಎಂದು ಊಹಿಸಿ ಓದಿದೆ, ಎರಡೂ ತಪ್ಪು. ಮನೆಯಲ್ಲಿ ಅಕ್ಕನಿಗೆ ಮಾತ್ರ ಗೊತ್ತು. ಸವೆದ ಅಕ್ಷರ ಓದುವುದೇ ಕೊನೆಗೆ ಕಸುಬಾಯಿತು ಎಂದು ನಗಿಸಲು ನೋಡಿದೆ. ಅವನು ನಗಲಿಲ್ಲ. ನನ್ನ ಕನ್ನಡಕ ತೆಗೆದು ತಾನು ಹಾಕಿಕೊಂಡು ಸಮುದ್ರ ನೋಡಿ ವಾಪಸು ಕೊಟ್ಟ. ಅಕ್ಕ ಹೇಳಿಕೊಟ್ಟಿದ್ದ ಬುದ್ಧಿಮಾತು ಅಲ್ಲಿಗೆ ಮುಗಿಯಿತು.

ಮಾರನೇ ದಿನ ಸದಾಶಿವಗಡ. ಸೋಂದೆಯ ಅರಸು ತಂದೆಯ ಹೆಸರಿಟ್ಟು ಕಟ್ಟಿಸಿದ ಕೋಟೆ. ಈಗ ಉಳಿದಿರುವುದು ಕಡಿಮೆ. ಕಾಳಿ ಸಮುದ್ರ ಸೇರುವುದು ಮಾತ್ರ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದನ್ನು ಆಟೋದವರು ತಾವೇ ಬಿದ್ದು ಎದ್ದವರಂತೆ ವರ್ಣಿಸಿದರು.

ಮಧ್ಯಾಹ್ನ ಅಂಕೋಲೆಗೆ ಹೋಗುವ ಬಸ್ಸು ಹತ್ತಿದೆವು. ಅಳಿಯ ಕಿಟಕಿ ಪಕ್ಕ, ನಡುವೆ ನಾನು, ಈ ಕಡೆ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ, ಕಾಲ ಬುಡದಲ್ಲಿ ಸಂತೆಯ ಚೀಲ. ಎಲ್ಲಿಯವರು ಎಂದು ಕೇಳಿದರು. ನ್ಯಾಮತಿ ಎಂದೆ. ಗೊತ್ತಾಗಲಿಲ್ಲ. ಶಿವಮೊಗ್ಗದ ಹತ್ತಿರ ಎಂದೆ. ನಮ್ಮದು ದಾವಣಗೆರೆ ಜಿಲ್ಲೆಯಾಗಿ ಇಪ್ಪತ್ತೈದು ವರ್ಷ ದಾಟಿದರೂ ಬಾಯಿಗೆ ಬರುವುದು ಶಿವಮೊಗ್ಗವೇ.

ಸುರಂಗ ದಾಟಿ ಬಿಣಗಾ ಕಳೆದ ಮೇಲೆ ಗೋಡೆ ಶುರುವಾಯಿತು. ಮೇಲೆ ಮುಳ್ಳುತಂತಿ, ಫೋಟೋ ತೆಗೆಯಬಾರದೆಂಬ ಫಲಕ. ಅಳಿಯ ಕತ್ತು ಚಾಚಿ ನೋಡುತ್ತಿದ್ದ. ಅಜ್ಜಿ ನನ್ನ ಮುಂದೆ ಕೈ ಚಾಚಿ ಅವನಿಗೆ ತೋರಿಸಿದರು. ‘ಅಕಾ, ಆ ಗುಡ್ಡೆ ಬುಡಕ್ಕೆ ನಮ್ಮನೆ ಇತ್ತು.’

ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರಿನಲ್ಲಿ. ಹದಿಮೂರು ಹಳ್ಳಿ, ಹನ್ನೊಂದು ಸಾವಿರ ಎಕರೆಗೂ ಹೆಚ್ಚು ನೆಲ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ. ಪರಿಹಾರ ಸಾಲದೆಂದು ವರ್ಷಗಟ್ಟಲೆ ಕೋರ್ಟು ಅಲೆದದ್ದು ಬೇರೆ. ಇಷ್ಟು ನನಗೆ ಓದಿ ಗೊತ್ತಿತ್ತು. ಆದರೆ ಹಿಂದಿನ ಎರಡು ದಿನ ನೌಕೆಯ ಇಸವಿ ತಿದ್ದಿದವನು ಇದನ್ನು ಅಳಿಯನಿಗೆ ಹೇಳಿರಲಿಲ್ಲ. ಮರೆತಿದ್ದೆ ಎಂದರೆ ಸುಳ್ಳು. ಅವನ ಖುಷಿಗೆ ಇನ್ನೊಂದು ಕಲ್ಲು ಹಾಕುವುದು ಬೇಡ ಎನ್ನಿಸಿತ್ತು. ತಪ್ಪು ಇತಿಹಾಸ ಹೇಳಿದವರನ್ನು ತಿದ್ದುವಾಗ ಈ ಮರ್ಯಾದೆ ನನಗೆ ಯಾಕೆ ನೆನಪಾಗಲಿಲ್ಲವೋ.

‘ಒಳಗೆ ಹೋಗಿದೀರಾ ಅಜ್ಜಿ?’ ಅಳಿಯ ಕೇಳಿದ.

‘ಮಗ ಹೋಗ್ತಾ, ಗುತ್ತಿಗೆ ಕೆಲ್ಸಕ್ಕೆ. ಅವಂಗೆ ಪಾಸ್ ಉಂಟು. ನಂಗೆಂತಕ್ಕೆ ಕೊಡ್ತ್ರು?’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಗುವೂ ಇರಲಿಲ್ಲ. ದೊಡ್ಡ ಹಡಗು ಬಂದ ರಾತ್ರಿ ದೀಪ ಕಾಣುತ್ತದೆ, ಜಾತ್ರೆ ಇದ್ದಂತೆ ಕಾಣುತ್ತದೆ ಎಂದರು.

‘ನಾನು ನೇವಿಗೆ ಸೇರ್ತೀನಿ ಅಜ್ಜಿ.’

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ‘ಸೇರು. ಸಾಪ್ ಉಣ್ಣು ಮೊದ್ಲು, ಕಡ್ಡಿ ಹಾಂಗೆ ಇದ್ದೆ.’

‘ಸೇರಿದ್ರೆ ನಿಮ್ಮನೆ ಜಾಗ ನೋಡಿ ಬರ್ತೀನಿ. ಎಲ್ಲಿ ಅಂತ ಹೇಳಿ.’

ಅಜ್ಜಿ ಈಗ ನಕ್ಕರು. ಮನೆ ಯಾವತ್ತೋ ಹೋಯಿತು, ಬಾವಿ ಮುಚ್ಚಿದರು ಎಂದು ಮಗ ಹೇಳಿದ್ದಾನೆ. ಹಿತ್ತಲಲ್ಲಿ ಎರಡು ಹಲಸಿನ ಮರ ಇದ್ದವು, ಒಂದು ಬಕ್ಕೆ, ಒಂದು ಇಂಬಾ. ಅವು ಇದ್ದಾವೋ ಇಲ್ಲವೋ ಎಂದು ಮಗನನ್ನು ಕೇಳಿದರೆ ಆ ಕಡೆ ತನ್ನನ್ನು ಬಿಡುವುದಿಲ್ಲ ಎನ್ನುತ್ತಾನೆ. ‘ಬಕ್ಕೆ ಬೇಲಿ ಬದಿಗೆ, ಇಂಬಾ ಬಾವಿ ಬದಿಗೆ’ ಎಂದರು. ತೋಡೂರು ಬಂತು. ಚೀಲ ಇಳಿಸಲು ಅಳಿಯನೇ ಎದ್ದು ಹೋದ.

ಅಂಕೋಲೆಯಲ್ಲಿ ಕುಮಟೆಯ ಬಸ್ಸಿಗೆ ಕಾಯುವಾಗ ಅಕ್ಕನ ಫೋನು ಬಂತು. ಏನಂದ ಎಂದು ಕೇಳಿದಳು. ಇನ್ನೂ ಏನೂ ಅಂದಿಲ್ಲ, ಮನೆಗೆ ಬಂದು ಹೇಳ್ತೀವಿ ಎಂದೆ. ಅಳಿಯ ಬೆಂಚಿನ ಮೇಲೆ ಕೂತು, ಹಡಗಿನ ಅಳತೆ ಬರೆದುಕೊಂಡಿದ್ದ ಪುಟದ ಹಿಂಬದಿಯಲ್ಲಿ ಒಂದು ಗುಡ್ಡ, ಒಂದು ಬಾವಿ, ಎರಡು ಮರ ಬರೆಯುತ್ತಿದ್ದ.

‘ಮಾಮ, ಬಕ್ಕೆ ಬೇಲಿ ಕಡೆಗಾ, ಬಾವಿ ಕಡೆಗಾ?’