ಸಾಲ ತೀರುತ್ತೋ, ಜಾಗ ಬದಲಾಯಿಸುತ್ತೋ?

ನಮ್ಮ ಮನೆಯ ಪತ್ರ ಇರುವುದು ಅತ್ತೆಯ ಹಸಿರು ಟ್ರಂಕಿನಲ್ಲಿ, ಅವರ ಧಾರೆ ಸೀರೆಯ ಮಡಿಕೆಯೊಳಗೆ. ಹೊಳಲ್ಕೆರೆಯ ಈ ಮನೆಯನ್ನು ಮಾವನವರು ಕಟ್ಟಿಸಿ ಅತ್ತೆಯ ಹೆಸರಿಗೇ ಮಾಡಿಸಿದ್ದರು. ನಾನು ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಆ ಪತ್ರ ಹೊರಗೆ ಬಂದದ್ದು ಒಂದೇ ಸಲ. ಕಳೆದ ವರ್ಷ, ಅದನ್ನು ಅಡ ಇಡುವುದೋ ಬೇಡವೋ ಎಂದು ನಾವೆಲ್ಲ ನಡುಮನೆಯಲ್ಲಿ ಕೂತಿದ್ದಾಗ.

ನಮ್ಮವರದು ಸಣ್ಣ ಕಿರಾಣಿ ಅಂಗಡಿ. ಅದರಿಂದ ತಿಂಗಳಿಗೆ ಇಪ್ಪತ್ತು ಸಾವಿರ, ನನ್ನ ಹೊಲಿಗೆಯಿಂದ ನಾಲ್ಕು ಸಾವಿರ. ಮಾವನವರ ಆಸ್ಪತ್ರೆ ಖರ್ಚಿಗೆಂದು ಮಾಡಿದ ಕೈಸಾಲ ಒಂದು ಲಕ್ಷ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಸಗಟು ವ್ಯಾಪಾರಿಗೆ ಕೊಡಬೇಕಾದ್ದು ಎಂಬತ್ತು ಸಾವಿರ. ಮಗಳ ನರ್ಸಿಂಗ್ ಫೀಜಿಗೆ ನನ್ನ ಹೆಸರಿನಲ್ಲಿ ಮೈಕ್ರೋ ಫೈನಾನ್ಸ್ ಸಂಘದ ಸಾಲ. ಮೂರೂ ಸೇರಿ ತಿಂಗಳಿಗೆ ಹದಿನೈದು ಸಾವಿರ ಕಂತಿಗೇ ಹೋಗುತ್ತಿತ್ತು. ಸಂಘದ ಸಭೆಯ ಹಿಂದಿನ ರಾತ್ರಿ ನನಗೆ ನಿದ್ದೆ ಎಂಬುದೇ ಇರಲಿಲ್ಲ.

ಚಿತ್ರದುರ್ಗದ ಒಂದು ಸಾಲದ ಕಚೇರಿಯವರು ಇವರಿಗೆ ಒಂದು ದಾರಿ ಹೇಳಿದ್ದರು. "ಮನೆ ಪತ್ರ ಇಡಿ, ಮೂರು ಲಕ್ಷ ಕೊಡ್ತೀವಿ. ಚಿಲ್ಲರೆ ಸಾಲ ಎಲ್ಲಾ ಒಂದೇ ಏಟಿಗೆ ಮುಗಿಸಿಬಿಡಿ. ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ, ಹತ್ತು ವರ್ಷ, ಕಂತು ಬರೀ 4,304 ರೂಪಾಯಿ."

ಹದಿನೈದು ಸಾವಿರ ಎಲ್ಲಿ, ನಾಲ್ಕು ಸಾವಿರ ಎಲ್ಲಿ! ನಾನಂತೂ ಮನಸ್ಸಿನಲ್ಲೇ ಮಂಗಳಾರತಿ ಎತ್ತಿಬಿಟ್ಟೆ.

ಅತ್ತೆ ಪತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು, "ರುಜು ಹಾಕ್ತೀನಿ, ಅದಕ್ಕೇನು. ಆದರೆ ಒಂದು ಮಾತು ಹೇಳಪ್ಪ, ಹಿಂಗೆ ಮಾಡಿದ್ರೆ ಸಾಲ ತೀರುತ್ತೋ, ಬರೀ ಜಾಗ ಬದಲಾಯಿಸುತ್ತೋ?" ಅಂದರು.

ಇವರು ಉತ್ತರ ಕೊಡಲಿಲ್ಲ. ಯಾವ ಯಾವ ಸಾಲ ಎಷ್ಟೆಷ್ಟು ಉಳಿದಿದೆ, ಬರೆಯೋಣ ಎಂದು ಮಗಳ ನೋಟ್‌ಬುಕ್ ತರಿಸಿದರು. ನನ್ನ ಎದೆ ಡವಗುಟ್ಟಿತು. ಸಂಘದ ಸಾಲ ಒಂದಲ್ಲ, ಎರಡಿತ್ತು. ಮೊದಲನೆಯದರ ಕಂತು ಕಟ್ಟಲಿಕ್ಕೆಂದೇ ಎರಡನೆಯದನ್ನು ಇನ್ನೊಂದು ಕಡೆ ತೆಗೆದಿದ್ದೆ. ಅದು ಇವರಿಗೆ ಗೊತ್ತಿರಲಿಲ್ಲ. ಹೊಲಿಗೆಯ ದುಡ್ಡನ್ನೆಲ್ಲ ಅದಕ್ಕೇ ಕಟ್ಟಿ, "ಗಿರಾಕಿಗಳು ಬಾಕಿ ಇಟ್ಟಿದ್ದಾರೆ" ಎಂದು ಸುಳ್ಳು ಹೇಳುತ್ತಿದ್ದೆ.

ಹೇಳಿದೆ. ಇವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸುಮ್ಮನೆ "ಎರಡೂ ಸೇರಿ 1,20,000" ಎಂದು ಬರೆದುಕೊಂಡರು. ಆ ಸಾಲಗಳಿಗೆ ತಿಂಗಳಿಗೆ ಎಂಟು ಸಾವಿರದಂತೆ ಇನ್ನು ಹದಿನೆಂಟು ಕಂತು.

ಮಾರನೆಯ ದಿನ ಹೊಸದುರ್ಗದ ತಂಗಿಗೆ ಫೋನ್ ಮಾಡಿದೆ. ಅವರೂ ಮೂರು ವರ್ಷದ ಹಿಂದೆ ಹೀಗೆಯೇ ಮನೆ ಇಟ್ಟು ಸಂಘದ ಸಾಲ ತೀರಿಸಿದ್ದರು. "ಹಳೆ ಸಾಲ ಎಲ್ಲಾ ಮುಗೀತಲ್ಲ ಅಂತ ಧೈರ್ಯ ಬಂತು ಕಣಕ್ಕಾ. ವರ್ಷ ಕಳೆಯೋದರೊಳಗೆ ಸಂಘದವರು ಮತ್ತೆ ಕರೆದರು, ತಗೊಂಡೆ. ಈಗ ಮನೆ ಕಂತೂ ಇದೆ, ಸಂಘದ ಕಂತೂ ಇದೆ" ಎಂದು ಅತ್ತಳು.

ಆ ಸಂಜೆ ಮಗಳು ಮೊಬೈಲಿನಲ್ಲಿ ಲೆಕ್ಕ ಮಾಡಿದಳು. 4,304ನ್ನು 120 ಕಂತಿಗೆ ಗುಣಿಸಿದರೆ ಸುಮಾರು 5,16,500. ಮೂರು ಲಕ್ಷಕ್ಕೆ ಬಡ್ಡಿಯೇ 2,16,500! ಅದೇ ಸಾಲವನ್ನು ಮೂರೇ ವರ್ಷದಲ್ಲಿ ತೀರಿಸಿದರೆ ಕಂತು 9,964, ಬಡ್ಡಿ ಸುಮಾರು 58,700. ಬಡ್ಡಿಯ ದರ ಕಡಿಮೆ ಎಂದು ಹಿಗ್ಗಿದ್ದೆವು, ಅವಧಿ ಉದ್ದ ಎಂಬುದನ್ನು ಯಾರೂ ನೋಡಿರಲಿಲ್ಲ. ಬಡ್ಡಿಯೇ ಇಲ್ಲದ ಸಗಟು ಬಾಕಿಯನ್ನೂ ಬಡ್ಡಿಗೆ ಹಾಕಲು ಹೊರಟಿದ್ದೆವು.

ಇನ್ನೊಂದು ಸಂಗತಿ ಪರಿಚಯದ ವಕೀಲರಿಂದ ತಿಳಿಯಿತು. ಸಂಘದ ಸಾಲಕ್ಕೆ ಮನೆ-ಮಠ ಅಡ ಇರುವುದಿಲ್ಲ. ಆದರೆ ಮನೆಯ ಮೇಲಿನ ಸಾಲಕ್ಕೆ 2002ರ ಸರ್ಫೇಸಿ ಕಾಯಿದೆ ಇದೆ. ಕಂತು 90 ದಿನ ಮೀರಿ ಬಾಕಿಯಾಗಿ ಸಾಲ ವಸೂಲಾಗದ ಪಟ್ಟಿಗೆ ಸೇರಿದರೆ, ಬ್ಯಾಂಕಿನವರು 60 ದಿನದ ನೋಟಿಸು ಕೊಟ್ಟು, ಸಿವಿಲ್ ಕೋರ್ಟಿಗೆ ಹೋಗದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಸಂಘದ ಸಾಲಕ್ಕೆ ನಾವು ಅಡ ಇಟ್ಟದ್ದು ಮಾನ. ಇದಕ್ಕೆ ಇಡುವುದು ತಲೆಯ ಮೇಲಿನ ಸೂರು. ಮಾನಕ್ಕಾದರೂ ಈಗ ಒಂದಿಷ್ಟು ಕಾವಲಿದೆ. ಕಿರು ಸಾಲದ ವಸೂಲಿಗೆ ಮನೆ ಬಾಗಿಲಿಗೆ ಬಂದು ಬಲವಂತ ಮಾಡುವುದನ್ನು ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು.

ನನ್ನ ತವರು ಹಿರಿಯೂರು. ಅಲ್ಲಿಯ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. "ಕೋಡಿ ಬಿದ್ದಾಗ ತೀರಿಸ್ತೀನಿ ಅಂದ್ಕೊಂಡು ಸಾಲ ಮಾಡಬ್ಯಾಡ್ರಿ" ಎಂದು ಅಪ್ಪ ಹೇಳುತ್ತಿದ್ದರು. ಮುಂದೆ ಅಂಗಡಿ ಚೆನ್ನಾಗಿ ನಡೆದೀತು, ಮಗಳಿಗೆ ಕೆಲಸ ಸಿಕ್ಕೀತು ಎಂದು ಹತ್ತು ವರ್ಷಕ್ಕೆ ರುಜು ಹಾಕಹೊರಟ ನಮಗೇ ಹೇಳಿದಂತಿತ್ತು ಆ ಮಾತು.

ಕಡೆಗೆ ಪತ್ರ ಟ್ರಂಕಿಗೇ ಹೋಯಿತು. ನನ್ನ ಅವಲಕ್ಕಿ ಸರ ಮತ್ತು ಎರಡು ಬಳೆಗಳನ್ನು ಬ್ಯಾಂಕಿನಲ್ಲಿ ಒಂದು ಲಕ್ಷಕ್ಕೆ ಇಟ್ಟು, ಎಲ್ಲಕ್ಕಿಂತ ದುಬಾರಿಯಾದ ಕೈಸಾಲವನ್ನು ತೀರಿಸಿ ಪ್ರೋನೋಟು ವಾಪಸು ಪಡೆದೆವು. ತಿಂಗಳಿಗೆ ಮೂರು ಸಾವಿರವಿದ್ದ ಬಡ್ಡಿ ಒಂದು ಸಾವಿರಕ್ಕೆ ಇಳಿಯಿತು. ಇದೂ ಅಡವೇ ನಿಜ. ಆದರೆ ಹೋದರೆ ಸರ ಹೋದೀತು, ಮನೆ ಹೋಗದು. ಸಗಟು ವ್ಯಾಪಾರಿಯ ಹತ್ತಿರ ಇವರು ಮುಚ್ಚುಮರೆ ಇಲ್ಲದೆ ಮಾತಾಡಿ ಕಂತನ್ನು ನಾಲ್ಕು ಸಾವಿರದಿಂದ ಎರಡೂವರೆಗೆ ಇಳಿಸಿಕೊಂಡು ಬಂದರು. ಎಲ್ಲ ಸೇರಿ ಈಗ 11,500. ಮೈಕ್ರೋ ಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಲ್ಲಿ, ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಎಂದಿದೆ. ನಾವು ಆ ಗೆರೆಯೊಳಗೆ ಬಂದೆವು. ಸಂಘದ ಕಂತು ಮುಗಿದ ಮೇಲೆ ಆ ಎಂಟು ಸಾವಿರ ಸರ ಬಿಡಿಸಲಿಕ್ಕೆ. ಮೂರು ವರ್ಷದೊಳಗೆ ಎಲ್ಲವೂ ಮುಗಿಯಬೇಕು. ಒಟ್ಟು ಬಡ್ಡಿ ಐವತ್ತು ಸಾವಿರದ ಆಸುಪಾಸು.

ಸುಖವಾಗಿದೆಯೆಂದು ಹೇಳಲಾರೆ. ಹಬ್ಬಕ್ಕೆ ಸೀರೆ ಇಲ್ಲ, ಅತ್ತೆಯ ಹೆಸರಿಗೆ ಬರುವ ಗೃಹಲಕ್ಷ್ಮಿ ಹಣವೂ ಗ್ಯಾಸಿಗೇ ಹೋಗುತ್ತದೆ.

ಮನೆ ಅಡ ಇಡಲೇಬಾರದು ಎಂದು ನಾನು ಹೇಳುತ್ತಿಲ್ಲ, ಸೋದರಿಯರೇ. ನೂರಕ್ಕೆ ಐದು ರೂಪಾಯಿ ಬಡ್ಡಿಯ ದೊಡ್ಡ ಸಾಲ ಕೊರಳಿಗೆ ಸುತ್ತಿಕೊಂಡಿದ್ದರೆ, ತಿಂಗಳು ತಪ್ಪದ ವರಮಾನವೂ ಇದ್ದರೆ, ಅದೇ ಸರಿಯಾದ ದಾರಿ ಆಗಬಹುದು. ಆಗ ಕಂತು ಎಷ್ಟು ಸಣ್ಣದು ಎಂದು ಕೇಳುವ ಬದಲು, ಕಡೆಗೆ ಒಟ್ಟು ಎಷ್ಟು ಕಟ್ಟುತ್ತೇವೆ ಎಂದು ಕೇಳಿ. ತಡೆದುಕೊಳ್ಳಬಹುದಾದಷ್ಟು ಕಡಿಮೆ ಅವಧಿ ಹಾಕಿಸಿಕೊಳ್ಳಿ. ಹಳೆಯ ಸಾಲ ಒಂದೊಂದಕ್ಕೂ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ, ಸಂಘದಲ್ಲಿ ಮತ್ತೆ ಹೆಸರು ಕೊಡಬೇಡಿ. ಸಾಲ ತೀರಿದ 30 ದಿನದೊಳಗೆ ಮನೆಯ ಮೂಲ ಪತ್ರ ವಾಪಸು ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರಿನಿಂದ ಇದೆ, ಮರೆಯದೆ ಕೇಳಿ ಪಡೆಯಿರಿ. ಎಲ್ಲಕ್ಕಿಂತ ಮೊದಲು, ಬಚ್ಚಿಟ್ಟ ಸಾಲವನ್ನೂ ಸೇರಿಸಿ ಪಟ್ಟಿ ಬರೆಯಿರಿ.

ಆ ನೋಟ್‌ಬುಕ್ ಈಗ ದೇವರ ಗೂಡಿನ ಕೆಳಗಿದೆ. ಕಂತು ಕಟ್ಟಿದ ದಿನ ಇವರೂ ನಾನೂ ಒಟ್ಟಿಗೆ ಕೂತು ಗೆರೆ ಎಳೆಯುತ್ತೇವೆ. ಅತ್ತೆಗೆ ಓದಲು ಬಾರದು, ಗೆರೆ ಎಣಿಸುತ್ತಾರೆ. "ಇನ್ನೆಷ್ಟು ಉಳೀತಮ್ಮ?" ಎಂದು ಮೊನ್ನೆಯೂ ಕೇಳಿದರು. ಸಂಘದ್ದು ಇನ್ನು ಐದು ಅಂದೆ. ಆ ರಾತ್ರಿ ಸಂಘದ ಸಭೆಯ ಹಿಂದಿನ ರಾತ್ರಿಯೇ ಆಗಿತ್ತು. ನನಗೆ ನಿದ್ದೆ ಬಂತು.