‘ನೋ’ ಎಂದರೆ ಆಗಬಹುದು

ಇಂಗ್ಲಿಷರಲ್ಲಿ ‘ಡೂ ಯೂ ಮೈಂಡ್?’ ಎಂಬುದೊಂದು ವಿನಯದ ಪ್ರಶ್ನೆಯುಂಟು. ರೈಲುಗಾಡಿಯಲ್ಲಿ ಪಕ್ಕದ ಸ್ಥಳದಲ್ಲಿ ಕುಳಿತುಕೊಳ್ಳಬಯಸುವವರೂ ಕಿಟಕಿಯನ್ನು ತೆರೆಯಬಯಸುವವರೂ ಮೊದಲು ಈ ಮಾತನ್ನಾಡಿ, ಬಳಿಕ ತಮ್ಮ ಇಷ್ಟವನ್ನು ಹೇಳುವುದು ವಾಡಿಕೆ. ನಮ್ಮವರಲ್ಲಿ ಅನೇಕರು ಇದನ್ನು ‘ಮಾಡಬಹುದೇ?’ ಎಂದು ಗ್ರಹಿಸಿ, ಉದಾರ ಮನಸ್ಸಿನಿಂದ ‘ಯೆಸ್, ಯೆಸ್’ ಎಂದುಬಿಡುತ್ತಾರೆ. ಕೇಳಿದವರ ಕಿವಿಗೆ ಅದು ‘ನನಗೆ ಆಕ್ಷೇಪಣೆಯುಂಟು’ ಎಂದು ಬೀಳುವುದು. ಅನುಮತಿ ಕೊಡಬೇಕಾದಲ್ಲಿ ‘ನೋ’ ಎನ್ನಬೇಕು. ‘ನಾಟ್ ಅಟ್ ಆಲ್’ ಎಂದರೆ ಇನ್ನೂ ಲೇಸು.

ಇದು ಕೇವಲ ವ್ಯಾಕರಣದ ಮಾತಲ್ಲ. ನಮಗೆ ಪರಿಚಿತರಾದ ವೃದ್ಧ ಮಾತೆಯೊಬ್ಬರು ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದುಬರಲೆಂದು ಇಂಗ್ಲೆಂಡಿಗೆ ಹೋಗಿದ್ದರು. ಸೊಸೆ ಆ ದೇಶದವಳು. ಕೂಸನ್ನೆತ್ತಿಕೊಂಡು ತೌರಿಗೆ ಎರಡು ದಿನ ಹೋಗಿಬರಲೇ ಎಂದು ಅವಳು ಅತ್ತೆಯವರನ್ನು ಈ ಮಾತಿನಿಂದಲೇ ಕೇಳಿದಳು. ಇವರು ನಗುಮುಖದಿಂದ ‘ಯೆಸ್’ ಎಂದರು. ಸೊಸೆ ಹೊರಡಲಿಲ್ಲ. ತಾಯಿಗೆ ಬರುವುದಿಲ್ಲವೆಂದು ತಿಳಿಸಿ, ಮೂರು ದಿನ ಮೌನವಾಗಿಯೇ ಮನೆಯಲ್ಲಿ ಓಡಾಡಿಕೊಂಡಿದ್ದಳು. ಇತ್ತ ಅತ್ತೆಯವರಿಗೆ, ತಾವು ಬಂದುದೇ ಅವಳಿಗೆ ಭಾರವಾಯಿತೋ ಏನೋ ಎಂಬ ಕೊರಗು. ಊರಿಗೆ ಹಿಂದಿರುಗುವ ಮಾತನ್ನೂ ಎತ್ತಿದರಂತೆ. ಮಗನು ನಡುವೆ ಬಂದು ಇಬ್ಬರನ್ನೂ ವಿಚಾರಿಸಿದ ಮೇಲೆಯೇ ಗಂಟು ಬಿಚ್ಚಿತು.

‘ಮೈಂಡ್’ ಎಂಬ ಪದದ ಹಳೆಯ ಅರ್ಥ ನೆನಪು. ಸಂಸ್ಕೃತದ ಮನಸ್ಸಿಗೂ ಇದಕ್ಕೂ ದೂರದ ರಕ್ತಸಂಬಂಧವುಂಟು. ನೆನಪಿನಿಂದ ಲಕ್ಷ್ಯ, ಲಕ್ಷ್ಯದಿಂದ ಎಚ್ಚರಿಕೆ, ಅಲ್ಲಿಂದ ಬೇಸರಪಡುವುದು, ಹೀಗೆ ಅರ್ಥವು ಜಾರುತ್ತ ಬಂದಿದೆ. ಲಂಡನ್ನಿನ ನೆಲದಡಿಯ ರೈಲುಗಳಲ್ಲಿ 1968ರಿಂದ ಕೇಳಿಬರುವ ‘ಮೈಂಡ್ ದ ಗ್ಯಾಪ್’ ಎಂಬಲ್ಲಿ ಅದು ಇನ್ನೂ ಎಚ್ಚರಿಕೆಯೇ ಆಗಿದೆ. ‘ಮನಸ್ಸಿಗೆ ಹಚ್ಚಿಕೊಳ್ಳುವಿರಾ?’ ಎಂದು ನಮ್ಮ ಮಾತಿನಲ್ಲಿ ತಿರುಗಿಸಿಕೊಂಡರೆ, ‘ಇಲ್ಲ’ ಎಂಬ ಉತ್ತರ ತಾನಾಗಿ ಬಾಯಿಗೆ ಬರುವುದು.

ಇದಕ್ಕಿಂತ ತೊಡಕಾದುದು ಇಲ್ಲವೆಂದು ಕೇಳುವ ಪ್ರಶ್ನೆ. ‘ಊಟವಾಗಲಿಲ್ಲವೇ?’ ಎಂದರೆ ನಾವು ‘ಹೌದು, ಆಗಲಿಲ್ಲ’ ಎನ್ನಬಲ್ಲೆವು. ಕೇಳಿದವರ ಊಹೆ ಸರಿಯೆಂಬುದಕ್ಕೆ ನಮ್ಮ ಹೌದು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಊಟವಾಗದಿದ್ದವರು ‘ನೋ’ ಎನ್ನಬೇಕು. ‘ಯೆಸ್’ ಎಂದವರಿಗೆ ಯಾರೂ ಎಲೆ ಹಾಕರು! ಪೂರ್ವದಲ್ಲಿ ಆ ಭಾಷೆಯಲ್ಲಿ ನಾಲ್ಕು ಉತ್ತರಗಳಿದ್ದವು. ನೇರವಾದ ಪ್ರಶ್ನೆಗೆ ‘ಯೇ’, ‘ನೇ’. ನಿಷೇಧರೂಪದ ಪ್ರಶ್ನೆಗೆ ‘ಯೆಸ್’, ‘ನೋ’. ಬೈಬಲನ್ನು ಅನುವಾದಿಸಿದ ವಿಲಿಯಂ ಟಿಂಡೇಲನು ‘ನೇ’ ಎನ್ನಬೇಕಾದಲ್ಲಿ ‘ನೋ’ ಎಂದು ಬರೆದನೆಂದು ಸರ್ ಥಾಮಸ್ ಮೋರನು 1532ರಲ್ಲಿ ಆಕ್ಷೇಪಿಸಿದನು. 1535ರಲ್ಲಿ ಮೋರನಿಗೂ ಮರುವರ್ಷ ಟಿಂಡೇಲನಿಗೂ ಮರಣದಂಡನೆಯಾಯಿತು. ಅಂಥ ಕಾಲದಲ್ಲಿಯೂ ಒಂದು ‘ನೋ’ಗಾಗಿ ವಾದಿಸುವ ವ್ಯವಧಾನ ಅವರಿಗಿದ್ದುದು ನಮಗೆ ಸೋಜಿಗ. ಆ ಭೇದವು ಆಮೇಲೆ ಅಳಿದುಹೋಯಿತು. ಫ್ರೆಂಚರು ‘ಸಿ’ ಎಂದೂ ಜರ್ಮನರು ‘ಡೊಖ್’ ಎಂದೂ ಇಂಥ ಪ್ರಶ್ನೆಗೆ ಬೇರೆ ಉತ್ತರವನ್ನು ಈಗಲೂ ಇಟ್ಟುಕೊಂಡಿದ್ದಾರೆ.

‘ಐ ಡೋಂಟ್ ಮೈಂಡ್’ ಎಂಬುದಕ್ಕೆ ನಮ್ಮ ‘ಪರವಾಗಿಲ್ಲ’ ಬಹುಮಟ್ಟಿಗೆ ಒಪ್ಪುವುದು. ಚಹವೋ ಕಾಫಿಯೋ ಎಂದು ಕೇಳಿದಾಗ ಹೀಗೆಂದರೆ ಯಾವುದಾದರೂ ಸರಿಯೆಂದರ್ಥ. ಇನ್ನೊಂದನ್ನು ಮಾತ್ರ ಸಹೋದರಿಯರು ಗಮನಿಸಬೇಕು. ಅದೇ ‘ಡೂ ಯೂ ಮೈಂಡ್’ ಎಂಬುದನ್ನು ಮುಂದೇನನ್ನೂ ಸೇರಿಸದೆ, ಹುಬ್ಬು ಗಂಟಿಕ್ಕಿ ಯಾರಾದರೂ ಅಂದರೆ ಅದು ಪ್ರಶ್ನೆಯಲ್ಲ, ಗದರಿಕೆ. ಆಗ ‘ಯೆಸ್’ ಎಂದೂ ಹೇಳಬೇಕಿಲ್ಲ, ‘ನೋ’ ಎಂದೂ ಹೇಳಬೇಕಿಲ್ಲ. ‘ಸಾರಿ’ ಎಂದು ಸ್ವಲ್ಪ ಸರಿದು ನಿಂತರೆ ಸಾಕು.